ಕಾಣೆಯಾದ ಮಗುವಿನ ಪೋಸ್ಟ್‌ಗೆ ಠಾಣೆಯ ಮೊಹರೂ ಬೇಕು, ಮುಕ್ತಾಯವೂ ಬೇಕು

ಮಾನ್ಯ ಸಂಪಾದಕರೇ,

2024ರ ಜನವರಿಯಲ್ಲಿ ಬೆಂಗಳೂರಿನ 12 ವರ್ಷದ ಬಾಲಕನೊಬ್ಬ ತರಗತಿಯಿಂದ ಮನೆಗೆ ಮರಳದೆ, ಮೈಸೂರು ಮತ್ತು ಚೆನ್ನೈ ಸುತ್ತಿ, ಮೂರು ದಿನಗಳ ಬಳಿಕ ಹೈದರಾಬಾದಿನ ಮೆಟ್ರೊದಲ್ಲಿ ಪತ್ತೆಯಾದ ಸುದ್ದಿ ನಿಮ್ಮ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಅವನನ್ನು ಗುರುತಿಸಿದವರು ಸಾಮಾಜಿಕ ಜಾಲತಾಣದಲ್ಲಿ ಅವನ ಫೋಟೊ ನೋಡಿದ್ದ ಪ್ರಯಾಣಿಕರೊಬ್ಬರು. ಆ ಬಾಲಕನ ಹೆಸರನ್ನು ನಾನು ಇಲ್ಲಿ ಬರೆಯದಿರುವುದಕ್ಕೆ ಕಾರಣವಿದೆ. ಅವನು ಮನೆ ಸೇರಿದ ಮೇಲೂ ಅವನ ಹೆಸರು ಮತ್ತು ಮುಖ, ಮನೆಯವರ ಕಣ್ಣೀರಿನ ದೃಶ್ಯಗಳೊಂದಿಗೆ, ಅಂತರ್ಜಾಲದಲ್ಲಿ ಹಾಗೆಯೇ ಉಳಿದಿವೆ. ಮಗುವನ್ನು ಹುಡುಕುವ ಸಂದೇಶವನ್ನು ಹೇಗೆ ಹರಡಬೇಕು ಎಂದು ನಾವೆಲ್ಲ ಕಲಿತಿದ್ದೇವೆ. ಮಗು ಸಿಕ್ಕ ಮೇಲೆ ಆ ಸಂದೇಶವನ್ನು ಹೇಗೆ ನಿಲ್ಲಿಸಬೇಕು ಎಂಬುದರ ಬಗ್ಗೆ ಪೊಲೀಸ್ ಇಲಾಖೆಯಾಗಲಿ, ಪತ್ರಿಕೆಗಳಾಗಲಿ, ನಮ್ಮ ಅಸಂಖ್ಯ ವಾಟ್ಸ್‌ಆ್ಯಪ್ ಗ್ರೂಪ್‌ಗಳ ಅಡ್ಮಿನ್‌ಗಳಾಗಲಿ ಯೋಚಿಸಿದಂತೆ ಕಾಣುವುದಿಲ್ಲ. ಪ್ರೌಢಶಾಲಾ ಶಿಕ್ಷಕಿಯಾಗಿ ನಿವೃತ್ತಳಾದ ನಂತರ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕಿಯಾಗಿರುವ ನನಗೆ ಇಂತಹ ಕೆಲವು ಪ್ರಕರಣಗಳನ್ನು ಠಾಣೆಯ ಬಾಗಿಲಿನಿಂದಲೂ ಮನೆಯ ಬಾಗಿಲಿನಿಂದಲೂ ನೋಡುವ ಸಂದರ್ಭ ಬಂದಿರುವುದರಿಂದ, ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ, ಬೆಂಗಳೂರಿನ ಆ ಪ್ರಕರಣದಲ್ಲಿ ಜಾಲತಾಣ ಏಕೆ ಕೆಲಸ ಮಾಡಿತು ಎಂಬುದನ್ನು ಗಮನಿಸಬೇಕು. ಮಗು ಕಾಣೆಯಾದ ಸುದ್ದಿ ತಡವಿಲ್ಲದೆ ಹೊರಬಂದಿತ್ತು, ಠಾಣೆಯಲ್ಲಿ ದೂರು ದಾಖಲಾಗಿತ್ತು, ಫೋಟೊ ಇತ್ತೀಚಿನದಾಗಿತ್ತು, ಸಿಸಿಟಿವಿಯಲ್ಲಿ ಹುಡುಗ ಕಾಣಿಸಿಕೊಂಡಂತೆಲ್ಲ ಅವನು ಯಾವ ಕಡೆಗೆ ಹೋಗಿರಬಹುದು ಎಂಬ ಮಾಹಿತಿ ಜನರಿಗೆ ತಲುಪುತ್ತಿತ್ತು. ನಮ್ಮ ಫೋನುಗಳಿಗೆ ದಿನವೂ ಬಂದು ಬೀಳುವ ಸಂದೇಶಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಮವಸ್ತ್ರ ಧರಿಸಿದ ಒಂದು ಮಗುವಿನ ಮಸುಕಾದ ಚಿತ್ರ; ಕೆಳಗೆ ‘ಈ ಮಗು ಇಂದು ಬೆಳಿಗ್ಗೆಯಿಂದ ಕಾಣೆಯಾಗಿದೆ, ನಿಮ್ಮ ಒಂದು ಶೇರ್ ಒಂದು ಕುಟುಂಬವನ್ನು ಉಳಿಸಬಹುದು, ಎಲ್ಲ ಗ್ರೂಪ್‌ಗಳಿಗೂ ಕಳುಹಿಸಿ’ ಎಂಬ ಒಕ್ಕಣೆ; ಕೈ ಮುಗಿದ ನಾಲ್ಕಾರು ಇಮೋಜಿಗಳು; ಒಂದು ಮೊಬೈಲ್ ಸಂಖ್ಯೆ. ಯಾವ ತಿಂಗಳಿನ ಯಾವ ಬೆಳಿಗ್ಗೆ, ಯಾವ ಊರು, ಯಾವ ಠಾಣೆ ಎಂಬುದು ಎಲ್ಲಿಯೂ ಇರುವುದಿಲ್ಲ. ಕರೆ ಮಾಡಿದರೆ ಸಂಖ್ಯೆ ಸ್ವಿಚ್ ಆಫ್ ಆಗಿರುತ್ತದೆ, ಇಲ್ಲವೇ ಆ ಕಡೆಯಿಂದ ದಣಿದ ದನಿಯೊಂದು ‘ಸಿಕ್ಕಿ ಬಹಳ ದಿನ ಆಯಿತು ರೀ, ಇನ್ನು ಮೇಲೆ ಕಳುಹಿಸಬೇಡಿ’ ಎನ್ನುತ್ತದೆ.

ಸಂದೇಶ ಹಳತೋ ಹೊಸತೋ ಎಂದು ತಿಳಿಯಲು ವಾಟ್ಸ್‌ಆ್ಯಪ್‌ನಲ್ಲೇ ಒಂದು ಸುಳಿವಿದೆ, ಅದನ್ನು ಗಮನಿಸುವವರು ಕಡಿಮೆ. ಒಂದು ಸಂದೇಶ ಮೂಲ ಕಳುಹಿಸಿದವರಿಂದ ಐದು ಅಥವಾ ಅದಕ್ಕಿಂತ ಹೆಚ್ಚು ಕೈಗಳನ್ನು ದಾಟಿ ಬಂದಿದ್ದರೆ ಅದರ ತಲೆಯ ಮೇಲೆ ಜೋಡಿ ಬಾಣದ ಗುರುತು ಬೀಳುತ್ತದೆ. ಅಂತಹ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಮಾತ್ರ ರವಾನಿಸಲು ಸಾಧ್ಯವಾಗುವಂತೆ 2020ರ ಏಪ್ರಿಲ್‌ನಲ್ಲಿ ಮಿತಿ ಹೇರಲಾಯಿತು. ಜೋಡಿ ಬಾಣ ಹೊತ್ತು ಬಂದ ಪ್ರತಿಯೊಂದು ಸಂದೇಶವೂ ಸುಳ್ಳೆಂದಲ್ಲ. ಆದರೆ ಅದು ನಿಮ್ಮ ಪರಿಚಯದವರ ಮನೆಯಿಂದ ನೇರವಾಗಿ ಬಂದದ್ದಲ್ಲ ಎಂಬುದಂತೂ ಖಚಿತ. ಮುಂದಕ್ಕೆ ತಳ್ಳುವ ಮೊದಲು ಒಂದು ನಿಮಿಷ ನಿಂತು, ಅದರಲ್ಲಿ ಠಾಣೆಯ ಹೆಸರಿದೆಯೇ ಎಂದು ನೋಡಲು ಇಷ್ಟು ಕಾರಣ ಸಾಕು.

ಹಳೆಯ ಪೋಸ್ಟ್ ಉಳಿದರೆ ನಷ್ಟವೇನು, ಯಾರೋ ಒಬ್ಬರು ಅನವಶ್ಯಕವಾಗಿ ಕರೆ ಮಾಡಿಯಾರು ಅಷ್ಟೇ ತಾನೇ ಎಂದು ಕೇಳುವವರಿದ್ದಾರೆ. ನಾನು ಸೇವೆಯಲ್ಲಿದ್ದಾಗ ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗನೊಬ್ಬ ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಸಬೇಕಾಗಿದ್ದ ದಿನ ಮನೆ ಬಿಟ್ಟು ಹೋದ. ತಾಯಿ ಠಾಣೆಗೆ ಬಂದಾಗ ಆಕೆಯ ಕೈಯಲ್ಲಿದ್ದದ್ದು ಅವನಿಗೆ ಮೂರು ವರ್ಷವಾಗಿದ್ದಾಗ ಜಾತ್ರೆಯ ಸ್ಟುಡಿಯೊದಲ್ಲಿ ತೆಗೆಸಿದ, ಕೆನ್ನೆಯ ಮೇಲೆ ದೃಷ್ಟಿಬೊಟ್ಟು ಇಟ್ಟಿದ್ದ ಒಂದೇ ಫೋಟೊ. ಕೊನೆಗೆ ನಾವು ಶಾಲೆಯ ಗ್ರೂಪ್ ಫೋಟೊ ತೆಗೆದು, ಮೂರನೆಯ ಸಾಲಿನಲ್ಲಿ ಮುಂದಿನವನ ಭುಜದ ಹಿಂದೆ ಗಲ್ಲ ಮರೆಯಾಗಿ ನಿಂತಿದ್ದ ಅವನ ಮುಖವನ್ನು ದೊಡ್ಡದು ಮಾಡಿಸಿ ಕೊಟ್ಟೆವು. ಕಣ್ಣು ಮೂಗು ಮಬ್ಬಾಗಿದ್ದ ಅದೇ ಚಿತ್ರವನ್ನು ಸಂಬಂಧಿಕ ಯುವಕನೊಬ್ಬ ತಾಯಿಯ ಮೊಬೈಲ್ ಸಂಖ್ಯೆಯೊಂದಿಗೆ ಗ್ರೂಪ್‌ಗಳಿಗೆ ಹಾಕಿದ. ಹುಡುಗ ಸಿಕ್ಕಿದ್ದು ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಂಟಿಯಾಗಿ ಕುಳಿತಿದ್ದವನನ್ನು ರೈಲ್ವೆ ರಕ್ಷಣಾ ದಳದ ಸಿಬ್ಬಂದಿ ವಿಚಾರಿಸಿ, ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಮನೆಗೆ ತಲುಪಿಸಿದರು. ವಾಟ್ಸ್‌ಆ್ಯಪ್‌ಗೂ ಅವನು ಸಿಕ್ಕಿದ್ದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಹುಡುಗ ಬಂದ, ಪೋಸ್ಟ್ ಮಾತ್ರ ಓಡುತ್ತಲೇ ಹೋಯಿತು. ಮುಂದಿನ ಹಲವು ತಿಂಗಳು ಆ ತಾಯಿಗೆ ಹೊತ್ತುಗೊತ್ತಿಲ್ಲದೆ ಕರೆಗಳು ಬರುತ್ತಿದ್ದವು. ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದ ಕೇಳಿದವರು. ಕೆಲವರು ಹೆಣ್ಣು ದನಿ ಕೇಳಿ ಮಾತು ಬೆಳೆಸಲು ನೋಡಿದವರು. ಒಬ್ಬನಂತೂ ‘ನಿಮ್ಮ ಮಗ ನಮ್ಮ ಹತ್ತಿರ ಇದ್ದಾನೆ, ಮೊದಲು ಹಣ ಹಾಕಿ, ಆಮೇಲೆ ಜಾಗ ಹೇಳುತ್ತೇನೆ’ ಎಂದಾಗ ಮಗ ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತಾ ಕುಳಿತಿದ್ದನಂತೆ. ಆಕೆ ಕೊನೆಗೆ ಸಿಮ್ ಬದಲಿಸಿದರು. ಕೂಲಿಗೆ ಕರೆಯುವವರಿಗೆಲ್ಲ ಹೊಸ ಸಂಖ್ಯೆ ತಲುಪುವವರೆಗೆ ಕೆಲಸವೂ ಕಡಿಮೆಯಾಯಿತು. ಹುಡುಗ ಹತ್ತನೆಯ ತರಗತಿಗೆ ಬಂದಾಗ ಟ್ಯೂಷನ್ನಿನಲ್ಲಿ ಯಾರೋ ಹಳೆಯ ಪೋಸ್ಟ್ ತೋರಿಸಿ ‘ಓಡಿ ಹೋಗಿದ್ದವನು ನೀನೇ ಅಲ್ಲವೇನೋ’ ಎಂದು ಆಡಿಕೊಂಡರೆಂದು ಅವನು ಅಲ್ಲಿಗೆ ಹೋಗುವುದನ್ನೇ ಬಿಟ್ಟ. ಅಂಕಕ್ಕೆ ಹೆದರಿ ಒಂದು ರಾತ್ರಿ ರೈಲು ಹತ್ತಿದ್ದಕ್ಕೆ ಈ ದಂಡ ದೊಡ್ಡದಾಯಿತು.

ಎಲ್ಲ ಮಕ್ಕಳಿಗೂ ಜಾಲತಾಣದ ಬೆಳಕು ಒಂದೇ ಸಮನಾಗಿ ಬೀಳುವುದಿಲ್ಲ ಎಂಬುದನ್ನೂ ಹೇಳಬೇಕು. ಅಪಾರ್ಟ್‌ಮೆಂಟಿನ ಮಗು ಕಾಣೆಯಾದರೆ ಅದೇ ದಿನ ನಿವಾಸಿಗಳ ಸಂಘ, ಶಾಲೆಯ ಪೋಷಕರ ಗ್ರೂಪ್, ಅಪ್ಪ–ಅಮ್ಮಂದಿರ ಕಚೇರಿಗಳ ಗ್ರೂಪ್‌ಗಳು ಏಕಕಾಲಕ್ಕೆ ಎಚ್ಚೆತ್ತುಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಒಪ್ಪವಾಗಿ ಬರೆದ ಪೋಸ್ಟರ್ ಸಿದ್ಧವಾಗುತ್ತದೆ. ಸುದ್ದಿವಾಹಿನಿಗಳು ಮನೆಬಾಗಿಲಿಗೆ ಬರುತ್ತವೆ. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿರುವ ದಂಪತಿಯ ಮಗಳು ಕಾಣೆಯಾದರೆ, ಅವರ ಬಳಿ ಇತ್ತೀಚಿನ ಫೋಟೊ ಇರುವುದಿಲ್ಲ, ಹಂಚುವವರ ಗ್ರೂಪ್‌ ಇರುವುದಿಲ್ಲ, ಯಾವ ಠಾಣೆಯ ವ್ಯಾಪ್ತಿಗೆ ತಾವು ಸೇರುತ್ತೇವೆ ಎಂಬುದೂ ಗೊತ್ತಿರುವುದಿಲ್ಲ. ಮೇಸ್ತ್ರಿ ‘ಎರಡು ದಿನ ನೋಡೋಣ, ಬರುತ್ತಾಳೆ’ ಎನ್ನುತ್ತಾನೆ. ಹೃದಯ ಕರಗಿಸುವ ಪೋಸ್ಟ್ ಬರೆಯಬಲ್ಲವರ ಮಗು ಮಾತ್ರ ಹುಡುಕಾಟಕ್ಕೆ ಅರ್ಹ ಎಂಬ ಸ್ಥಿತಿ ಬರಬಾರದೆಂದರೆ, ಪೋಸ್ಟ್ ಹೊರಡಿಸುವ ಕೆಲಸ ಪೋಷಕರ ಸಾಮರ್ಥ್ಯಕ್ಕೆ ಬಿಟ್ಟದ್ದಾಗಿರಬಾರದು. ಅದು ಠಾಣೆಯ ಕರ್ತವ್ಯವಾಗಬೇಕು.

ಕಾನೂನು ಈ ದಿಕ್ಕಿನಲ್ಲಿ ಬಹುದೂರ ಬಂದಾಗಿದೆ. ಮಕ್ಕಳ ಹಕ್ಕುಗಳಿಗಾಗಿ ದುಡಿಯುವ ಬಚಪನ್ ಬಚಾವೋ ಆಂದೋಲನ ಎಂಬ ಸಂಸ್ಥೆ ಸಲ್ಲಿಸಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ನೀಡಿದ ಆದೇಶದಂತೆ, ಮಗು ಕಾಣೆಯಾಗಿದೆ ಎಂಬ ದೂರು ಬಂದರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು. ತನಿಖೆಯಲ್ಲಿ ಬೇರೆ ಸಂಗತಿ ಗೊತ್ತಾಗುವವರೆಗೆ ಅದನ್ನು ಅಪಹರಣ ಅಥವಾ ಕಳ್ಳಸಾಗಣೆ ಎಂದೇ ಭಾವಿಸಿ ಮುಂದುವರಿಯಬೇಕು. ನಾಲ್ಕು ತಿಂಗಳಲ್ಲಿ ಮಗು ಸಿಗದಿದ್ದರೆ ಪ್ರಕರಣವನ್ನು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ವರ್ಗಾಯಿಸಬೇಕು. ಇಂತಹ ದೂರುಗಳನ್ನು ಹೇಗೆ ನಿಭಾಯಿಸಲಾಗುತ್ತಿದೆ ಎಂದು ನೋಡಿಕೊಳ್ಳಲು ಠಾಣೆಗಳಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕರು ಇರಬೇಕೆಂದೂ ನ್ಯಾಯಾಲಯ ಅದೇ ಆದೇಶದಲ್ಲಿ ಹೇಳಿತ್ತು. ನನ್ನಂಥವರು ಠಾಣೆಯ ಬೆಂಚಿನ ಮೇಲೆ ಕುಳಿತಿರುವುದು ಅದರಿಂದಾಗಿಯೇ. ‘24 ಗಂಟೆ ಕಾದು ಬನ್ನಿ’ ಎಂಬ ಮಾತಿಗೆ ಕಾನೂನಿನಲ್ಲಿ ಎಲ್ಲಿಯೂ ಆಧಾರವಿಲ್ಲ. ಘಟನೆ ನಡೆದ ಜಾಗ ತನ್ನ ವ್ಯಾಪ್ತಿಯದಲ್ಲ ಎಂದು ಠಾಣೆಯವರು ತಿರುಗಿಸಿ ಕಳುಹಿಸುವಂತೆಯೂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ಮಾಹಿತಿ ನೀಡಬಹುದು. ಕಾಣೆಯಾದ ಮತ್ತು ಪತ್ತೆಯಾದ ಮಕ್ಕಳ ವಿವರಗಳನ್ನು ದೇಶದಾದ್ಯಂತ ಹೋಲಿಸಿ ನೋಡಲು ಟ್ರ್ಯಾಕ್ ಚೈಲ್ಡ್ ಪೋರ್ಟಲ್ ಬಂದು ದಶಕವೇ ಕಳೆದಿದೆ. ಸಾರ್ವಜನಿಕರೂ ಮಾಹಿತಿ ಹಾಕಲು 2015ರಲ್ಲಿ ಖೋಯಾ-ಪಾಯಾ ಎಂಬ ಜಾಲತಾಣ ಬಂತು. ಇವೆರಡನ್ನೂ ಈಗ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತರಲಾಗಿದೆ. ಆದರೆ ಠಾಣೆಗೆ ಬರುವ ಪೋಷಕರ ಬಾಯಲ್ಲಿ ಈ ಹೆಸರುಗಳನ್ನು ನಾನು ಕೇಳಿದ್ದು ಅಪರೂಪ; ಅವರಿಗೆ ಗೊತ್ತಿರುವುದು ವಾಟ್ಸ್‌ಆ್ಯಪ್ ಒಂದೇ.

ದೂರು ದಾಖಲಾಗದೆ, ಠಾಣೆಯ ಹೆಸರಿಲ್ಲದೆ ಹರಡುವ ಸಂದೇಶಗಳು ಎಲ್ಲಿಗೆ ಮುಟ್ಟಬಲ್ಲವು ಎಂಬುದನ್ನು ಕರ್ನಾಟಕ ತನ್ನ ಅಂಗಳದಲ್ಲೇ ಕಂಡಿದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಭಾವಿಸಿ ಜನ ಹೊಡೆದು ಕೊಂದರು. ಅದೇ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅದನ್ನು ಕಂಡವರು ಅನುಮಾನಪಟ್ಟು ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹರಡಿದರು. ಕಾರು ಮುರ್ಕಿ ಗ್ರಾಮ ತಲುಪುವ ಹೊತ್ತಿಗೆ ಅಲ್ಲಿ ದಾರಿ ಅಡ್ಡಗಟ್ಟಿ ಗುಂಪು ಕಾದಿತ್ತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲೇ ಪ್ರಾಣ ಬಿಟ್ಟರು, ತಡೆಯಲು ಹೋದ ಪೊಲೀಸರೂ ಗಾಯಗೊಂಡರು. ಆ ದಿನಗಳಲ್ಲಿ ಎಲ್ಲೆಡೆ ಓಡಾಡುತ್ತಿದ್ದ ‘ಬೈಕಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋಗುವ’ ವಿಡಿಯೊ, ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿಯೇ ತಯಾರಾದದ್ದು. ಮಗುವನ್ನು ವಾಪಸು ತಂದು ಬಿಟ್ಟು ‘ನಿಮ್ಮ ಮಕ್ಕಳ ಮೇಲೆ ಕಣ್ಣಿಡಿ’ ಎನ್ನುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಕಾಣೆಯಾದ ಮಗುವಿನ ಪೋಸ್ಟನ್ನು ಅಪಹರಣದ ವದಂತಿಯಿಂದ ಬೇರ್ಪಡಿಸುವುದು ಆಧಾರವೊಂದೇ: ಯಾರು ದೂರು ಕೊಟ್ಟಿದ್ದಾರೆ, ಎಲ್ಲಿ ಕೊಟ್ಟಿದ್ದಾರೆ, ಅದರ ಸಂಖ್ಯೆ ಏನು.

ಇದಕ್ಕಿಂತ ಕಡಿಮೆ ಚರ್ಚೆಯಾಗುವ ಇನ್ನೊಂದು ಅಪಾಯವಿದೆ. ಹುಡುಕುತ್ತಿರುವವರೆಲ್ಲರೂ ಮಗುವಿನ ಹಿತ ಬಯಸುವವರೇ ಆಗಿರಬೇಕೆಂದಿಲ್ಲ. ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದಾರೆಂದು 16 ವರ್ಷದ ಹುಡುಗಿ ಗೆಳತಿಯ ಮನೆಗೋ ಬೇರೆ ಊರಿನ ಹಾಸ್ಟೆಲಿಗೋ ಓಡಿಹೋಗುವುದು ನಮ್ಮ ಭಾಗದ ತಾಲ್ಲೂಕುಗಳಲ್ಲಿ ಕಂಡುಕೇಳರಿಯದ ಸಂಗತಿಯೇನಲ್ಲ. ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧು ಎಂದು ಘೋಷಿಸಿದೆ. ಆದರೂ ಮದುವೆಯ ದಿನ ಹತ್ತಿರವಾದಂತೆ ಮನೆಯವರು ‘ನಮ್ಮ ಮಗಳು ಕಾಣೆಯಾಗಿದ್ದಾಳೆ, ಕಂಡವರು ಈ ಸಂಖ್ಯೆಗೆ ತಿಳಿಸಿ’ ಎಂದು ಫೋಟೊ ಹಾಕುತ್ತಾರೆ. ಮಮತೆಯಿಂದ ಅದನ್ನು ಹಂಚಿದ ನೂರಾರು ಜನ, ತಮಗೆ ಅರಿವಿಲ್ಲದೆ, ಆ ಹುಡುಗಿಯನ್ನು ಹಸೆಮಣೆಗೆ ಎಳೆದು ತರುವವರ ಕೈಯಾಳುಗಳಾಗುತ್ತಾರೆ. ದಂಪತಿ ಬೇರೆಯಾಗಿ ಮಗುವಿನ ಸುಪರ್ದಿಗಾಗಿ ನ್ಯಾಯಾಲಯದಲ್ಲಿ ವ್ಯಾಜ್ಯವಿರುವಾಗ ಒಬ್ಬರು ಇನ್ನೊಬ್ಬರ ವಿಳಾಸ ಪತ್ತೆ ಹಚ್ಚಲು ಇದೇ ಉಪಾಯ ಹೂಡುವುದೂ ಉಂಟು. ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಮಗು ಕಣ್ಣಿಗೆ ಬಿದ್ದರೆ ಪೋಸ್ಟಿನಲ್ಲಿರುವ ಖಾಸಗಿ ಸಂಖ್ಯೆಗೆ ಕರೆ ಮಾಡದೆ 1098 ಅಥವಾ 112ಕ್ಕೆ ಮಾಡಬೇಕು ಎಂಬ ಮಾತಿಗೆ ಇರುವ ನಿಜವಾದ ಕಾರಣ ಇದು. ಮಕ್ಕಳ ಸಹಾಯವಾಣಿ 1098 ಈಗ 112ರ ತುರ್ತು ವ್ಯವಸ್ಥೆಯೊಂದಿಗೆ ಜೋಡಣೆಯಾಗಿರುವುದರಿಂದ ಯಾವುದಕ್ಕೆ ಮಾಡಿದರೂ ಆದೀತು. ಮಗುವನ್ನು ಮನೆಗೇ ಕಳುಹಿಸಬೇಕೋ ಬಾಲಮಂದಿರದಲ್ಲಿ ಇರಿಸಬೇಕೋ ಎಂದು ನಿರ್ಧರಿಸುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಗಿದೆ; ಮಗುವಿನ ಮಾತನ್ನು ಕೇಳಿದ ಮೇಲೆಯೇ ಸಮಿತಿ ಆ ನಿರ್ಧಾರಕ್ಕೆ ಬರಬೇಕಾಗುತ್ತದೆ.

ಮಗು ಸಿಕ್ಕಿದಾಗ ನಾವು ಮಾಡುವುದಂತೂ ಇನ್ನೂ ವಿಚಿತ್ರ. ಬಸ್ ನಿಲ್ದಾಣದಲ್ಲಿ ಅಳುತ್ತಾ ನಿಂತ ಮಗುವನ್ನು ಕಂಡವರು ಮೊದಲು ಮೊಬೈಲ್ ತೆಗೆದು ವಿಡಿಯೊ ಮಾಡುತ್ತಾರೆ. ‘ನಿನ್ನ ಹೆಸರೇನು, ಅಪ್ಪನ ಹೆಸರೇನು, ಯಾವ ಊರು’ ಎಂದು ಕೇಳುತ್ತಾ ಅದರ ಕಣ್ಣೀರಿನ ಮುಖವನ್ನು ಹತ್ತಿರದಿಂದ ತೋರಿಸಿ, ‘ಈ ಮಗು ನಮ್ಮ ಅಂಗಡಿಯಲ್ಲಿದೆ, ಸಂಬಂಧಪಟ್ಟವರು ಬಂದು ಕರೆದುಕೊಂಡು ಹೋಗಿ’ ಎಂದು ಅಂಗಡಿಯ ವಿಳಾಸವನ್ನೂ ಹಾಕುತ್ತಾರೆ. ಆ ವಿಡಿಯೊ ನೋಡಿ, ಮಗುವಿನ ಹೆಸರನ್ನೂ ಅಪ್ಪನ ಹೆಸರನ್ನೂ ಅದರಿಂದಲೇ ತಿಳಿದುಕೊಂಡು, ‘ನಾನು ಇದರ ಸೋದರಮಾವ’ ಎಂದು ಬರುವವನನ್ನು ಅಂಗಡಿಯವರು ಹೇಗೆ ಪರೀಕ್ಷಿಸಬಲ್ಲರು? ಬಾಲನ್ಯಾಯ ಕಾಯ್ದೆ–2015ರ 32ನೇ ಸೆಕ್ಷನ್ ಪ್ರಕಾರ, ಪೋಷಕರಿಂದ ಬೇರ್ಪಟ್ಟ ಮಗು ಸಿಕ್ಕರೆ 24 ಗಂಟೆಗಳೊಳಗೆ ಸಹಾಯವಾಣಿ, ಹತ್ತಿರದ ಠಾಣೆ, ಮಕ್ಕಳ ಕಲ್ಯಾಣ ಸಮಿತಿ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 10 ಸಾವಿರ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಅದೇ ಕಾಯ್ದೆಯ 74ನೇ ಸೆಕ್ಷನ್, ರಕ್ಷಣೆ ಮತ್ತು ಪೋಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಇತ್ಯಾದಿ ಗುರುತು ಸಿಗುವ ಯಾವ ವಿವರವನ್ನೂ ಪತ್ರಿಕೆಯಲ್ಲಾಗಲಿ ಬೇರೆ ಯಾವ ಸಂವಹನ ಮಾಧ್ಯಮದಲ್ಲಾಗಲಿ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಮಗುವಿನ ಹಿತಕ್ಕೆ ಅಗತ್ಯವೆಂದು ಸಮಿತಿಗೆ ತೋರಿದರೆ ಲಿಖಿತ ಕಾರಣ ನೀಡಿ ಅನುಮತಿಸಬಹುದು. ಕಾಣೆಯಾದ ಅಥವಾ ಮನೆಬಿಟ್ಟು ಬಂದ ಮಗು ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಇದೇ ವರ್ಗಕ್ಕೆ ಸೇರುತ್ತದೆ. ಹುಡುಕುವ ಸಲುವಾಗಿ ಮುಖ ತೋರಿಸಬೇಕಾಗಬಹುದು, ಒಪ್ಪೋಣ. ಸಿಕ್ಕ ಮೇಲೆ ಅದೇ ಮುಖವನ್ನು ಲೋಕಕ್ಕೆ ತೋರಿಸುತ್ತಿರಲು ಯಾವ ಕಾರಣವಿದೆ?

ಅಮೆರಿಕದಲ್ಲಿ 1996ರಲ್ಲಿ ಟೆಕ್ಸಸ್ ರಾಜ್ಯದ ಬಾಲಕಿಯೊಬ್ಬಳ ಅಪಹರಣ ಮತ್ತು ಹತ್ಯೆಯ ನಂತರ ಹುಟ್ಟಿಕೊಂಡ ಆಂಬರ್ ಅಲರ್ಟ್ ವ್ಯವಸ್ಥೆಯನ್ನು ಇಲ್ಲಿಯೂ ತರಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ರೇಡಿಯೊ, ದೂರದರ್ಶನ, ಹೆದ್ದಾರಿ ಫಲಕಗಳ ಮೂಲಕ ಬೆಳೆದ ಆ ಎಚ್ಚರಿಕೆಯನ್ನು 2015ರಿಂದ ಫೇಸ್‌ಬುಕ್ ಕೂಡ ಆ ಪ್ರದೇಶದ ಬಳಕೆದಾರರಿಗೆ ತೋರಿಸುತ್ತಿದೆ. ಅದನ್ನು ಹೊಗಳುವವರು ಅದರ ಒಂದು ಗುಣವನ್ನು ಮಾತ್ರ ಮರೆಯುತ್ತಾರೆ: ಅದು ಜಿಪುಣ ವ್ಯವಸ್ಥೆ. ಅಪಹರಣವಾಗಿದೆ ಎಂದು ಪೊಲೀಸರಿಗೆ ಮನವರಿಕೆಯಾಗಿರಬೇಕು, ಮಗುವಿನ ಜೀವಕ್ಕೆ ಅಪಾಯವಿರಬೇಕು, ಜನರು ಗುರುತಿಸಲು ಸಾಕಾಗುವಷ್ಟು ವಿವರವಿರಬೇಕು. ಆಗ ಮಾತ್ರ ಅದು ಹೊರಡುತ್ತದೆ. ಎಲ್ಲದಕ್ಕೂ ಮೊಳಗಿದರೆ ಯಾರೂ ಕಿವಿಗೊಡುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಅನೇಕರ ಮೊಬೈಲ್‌ಗಳು ಒಮ್ಮೆಲೇ ಜೋರಾಗಿ ಕೂಗಿಕೊಂಡು, ವಿಪತ್ತು ಎಚ್ಚರಿಕೆಯ ಪರೀಕ್ಷಾರ್ಥ ಸಂದೇಶ ತೋರಿಸಿದ್ದವು. ನಮ್ಮ ಬೀದಿಯಲ್ಲಂತೂ ಮೊಬೈಲ್ ಸ್ಫೋಟಗೊಳ್ಳುತ್ತದೆಂದು ಅಂಗಳಕ್ಕೆ ಇಟ್ಟು ಬಂದವರೂ ಇದ್ದರು. ಆಯ್ದ ಪ್ರದೇಶದ ಗೋಪುರಗಳಿಂದ ಮಾತ್ರ ಸಂದೇಶ ಬಿತ್ತರಿಸಬಲ್ಲ ಆ ತಂತ್ರಜ್ಞಾನ ನಮ್ಮಲ್ಲಿದೆ. ಖಚಿತವಾದ ಅಪಹರಣ ಪ್ರಕರಣಗಳಲ್ಲಿ, ಮೊದಲ ಕೆಲವು ಗಂಟೆಗಳಿಗೆ, ಎರಡು ಮೂರು ತಾಲ್ಲೂಕುಗಳ ಮಿತಿಯಲ್ಲಿ ಅದನ್ನು ಬಳಸುವ ಬಗ್ಗೆ ಗೃಹ ಇಲಾಖೆ ಯೋಚಿಸಬಹುದು.

ಉಳಿದ ಬಹುಪಾಲು ಪ್ರಕರಣಗಳಿಗೆ ಬೇಕಾದದ್ದು ಇಷ್ಟು ದೊಡ್ಡದಲ್ಲ. ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡರೆ ಪೊಲೀಸ್ ಚೌಕಿಯ ಮೈಕಿನಲ್ಲಿ ಕೂಗುತ್ತಾರೆ. ಕೂಗುವವರು ಯಾರೆಂದು ಎಲ್ಲರಿಗೂ ಗೊತ್ತು, ಮಗು ಎಲ್ಲಿದೆ ಎಂದು ಗೊತ್ತು, ತಾಯಿ ಬಂದು ಎತ್ತಿಕೊಂಡ ಕೂಡಲೇ ಕೂಗು ನಿಲ್ಲುತ್ತದೆ. ಜಾಲತಾಣದಲ್ಲಿಯೂ ಅಂಥದ್ದೇ ಒಂದು ಏರ್ಪಾಡು ಸಾಧ್ಯ. ಕಾಣೆಯಾದ ಮಗುವಿನ ಎಫ್‌ಐಆರ್ ದಾಖಲಾದ ಕೂಡಲೇ, ರಾಜ್ಯ ಪೊಲೀಸ್ ಜಾಲತಾಣದಲ್ಲಿ ಆ ಮಗುವಿನ ಹೆಸರಿಗೆ ಒಂದೇ ಒಂದು ಪುಟ ತೆರೆಯಲಿ. ಠಾಣೆ, ಪ್ರಕರಣದ ಸಂಖ್ಯೆ, ಕಾಣೆಯಾದ ದಿನಾಂಕ ಮತ್ತು ಸ್ಥಳ, ಇತ್ತೀಚಿನ ಫೋಟೊ, ಚಹರೆ, ಉಡುಪು, ಠಾಣೆಯ ದೂರವಾಣಿ ಮತ್ತು 112 ಅದರಲ್ಲಿರಲಿ. ಪೋಷಕರ ಖಾಸಗಿ ಸಂಖ್ಯೆ ಬೇಡ, ಮನೆಯ ವಿಳಾಸ ಬೇಡ, ಜಾತಿ ಬೇಡ. ಪೋಷಕರಿಗೆ ಠಾಣೆಯವರು ಕೊಡಬೇಕಾದದ್ದು ಆ ಪುಟದ ಲಿಂಕ್ ಮತ್ತು ಕ್ಯೂಆರ್ ಕೋಡ್ ಇರುವ ಒಂದು ಪೋಸ್ಟರ್. ಜನ ಹಂಚಲಿ, ಎಷ್ಟು ಬೇಕಾದರೂ ಹಂಚಲಿ. ಮಗು ಸಿಕ್ಕ ದಿನ ಅದೇ ಪುಟದಿಂದ ಹೆಸರು ಮತ್ತು ಫೋಟೊ ತೆಗೆದು, ‘ಈ ಪ್ರಕರಣ ಮುಕ್ತಾಯಗೊಂಡಿದೆ, ದಯವಿಟ್ಟು ಮುಂದೆ ಕಳುಹಿಸಬೇಡಿ’ ಎಂಬ ಒಂದು ಸಾಲು ಉಳಿಯಲಿ. ಎರಡು ವರ್ಷಗಳ ನಂತರ ಬೀದರಿನಲ್ಲೋ ಮಡಿಕೇರಿಯಲ್ಲೋ ಯಾರಿಗಾದರೂ ಆ ಪೋಸ್ಟರ್ ಸಿಕ್ಕಿ, ಕೋಡ್ ಒತ್ತಿದರೆ, ಅವರಿಗೆ ಕಾಣುವುದು ಆ ಸಾಲು ಮಾತ್ರ.

ಪೋಸ್ಟರ್‌ನ ಚಿತ್ರವನ್ನೇ ಕತ್ತರಿಸಿ ಲಿಂಕ್ ಇಲ್ಲದೆ ಹಂಚುವವರು ಆಗಲೂ ಇರುತ್ತಾರೆ ಎಂಬ ಆಕ್ಷೇಪಕ್ಕೆ ಉತ್ತರ ನನ್ನ ಬಳಿ ಪೂರ್ಣವಾಗಿ ಇಲ್ಲ. ಆದರೆ ಅಧಿಕೃತ ಪೋಸ್ಟರ್ ಹೇಗಿರುತ್ತದೆ ಎಂದು ಜನರಿಗೆ ಒಮ್ಮೆ ಅಭ್ಯಾಸವಾದರೆ, ಅದಿಲ್ಲದ ಸಂದೇಶವನ್ನು ಅನುಮಾನದಿಂದ ನೋಡುವುದೂ ಅಭ್ಯಾಸವಾಗುತ್ತದೆ. ಬ್ಯಾಂಕಿನ ಹೆಸರಿನಲ್ಲಿ ಒಟಿಪಿ ಕೇಳುವ ಕರೆಗಳ ವಿಷಯದಲ್ಲಿ ನಮ್ಮ ಹಳ್ಳಿಯ ಹಿರಿಯರೂ ಈಗ ಎಚ್ಚರವಾಗಿದ್ದಾರೆ. ಕೆಲಸದ ಹೊರೆಯಲ್ಲಿರುವ ಠಾಣೆಗಳಿಗೆ ಇದು ಇನ್ನೊಂದು ಹೊರೆ ಎನ್ನುವ ಮಾತೂ ಬರಬಹುದು. ಹೇಗೂ ಪೋರ್ಟಲ್‌ಗೆ ಈ ಎಲ್ಲ ವಿವರಗಳನ್ನು ತುಂಬಲೇಬೇಕಾಗಿರುವಾಗ, ಅದೇ ಮಾಹಿತಿಯಿಂದ ಕನ್ನಡದ ಪೋಸ್ಟರ್ ತಾನಾಗಿ ಸಿದ್ಧವಾಗುವಂತೆ ಮಾಡುವುದು ತಂತ್ರಜ್ಞರಿಗೆ ಅಸಾಧ್ಯದ ಕೆಲಸವೇನಲ್ಲ. ಬರೆಯಲು ಬಾರದ ಕೂಲಿಕಾರ ತಾಯಿಯ ಮಗುವಿಗೂ ಆಗ ಅಪಾರ್ಟ್‌ಮೆಂಟಿನ ಮಗುವಿನಷ್ಟೇ ಒಪ್ಪವಾದ ಪೋಸ್ಟರ್ ಸಿಗುತ್ತದೆ.

ಶಾಲೆಗಳಿಗೂ ಒಂದು ಮಾತು. ವರ್ಷದ ಆರಂಭದಲ್ಲಿ ಪ್ರತಿ ಮಗುವಿನ ಒಂದು ಸ್ಪಷ್ಟ ಫೋಟೊವನ್ನು, ಎದುರಿನಿಂದ, ಮುಖ ಪೂರ್ತಿ ಕಾಣುವಂತೆ ತೆಗೆದು ದಾಖಲಾತಿಯೊಂದಿಗೆ ಇಟ್ಟುಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ಅದು ಕಚೇರಿಯ ಕಪಾಟಿನಲ್ಲಿ ಇರಲಿ, ಶಾಲೆಯ ಫೇಸ್‌ಬುಕ್ ಪುಟದಲ್ಲಿ ಬೇಡ.

ಕೊನೆಯದಾಗಿ, ಸಂಪಾದಕರೇ, ನಿಮ್ಮಲ್ಲಿಯೇ ಒಂದು ವಿನಂತಿ. ‘ಕಾಣೆಯಾಗಿದ್ದಾರೆ’ ಎಂಬ ತಲೆಬರಹದಡಿ ‘ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮತ್ತು ಹಿಂದಿ ಮಾತನಾಡುತ್ತಾನೆ, ಕಾಣೆಯಾದಾಗ ನೀಲಿ ಅಂಗಿ ಧರಿಸಿದ್ದ, ಸುಳಿವು ಸಿಕ್ಕಲ್ಲಿ ಠಾಣೆಗೆ ತಿಳಿಸಲು ಕೋರಲಾಗಿದೆ’ ಎಂದು ಪೊಲೀಸ್ ಪ್ರಕಟಣೆಗಳನ್ನು ಪತ್ರಿಕೆಗಳು ದಶಕಗಳಿಂದ ಅಚ್ಚುಹಾಕುತ್ತಾ ಬಂದಿವೆ. ವಾಟ್ಸ್‌ಆ್ಯಪ್‌ನ ಅಬ್ಬರದ ನಡುವೆ ಈ ನಾಲ್ಕು ಸಾಲುಗಳ ಶಿಸ್ತು ನನಗೆ ಈಗಲೂ ಮೆಚ್ಚುಗೆಯಾಗುತ್ತದೆ. ಅದರಲ್ಲಿ ಅಳು ಇಲ್ಲ, ಆಣೆ ಇಲ್ಲ, ಠಾಣೆಯ ಹೆಸರಂತೂ ತಪ್ಪದೆ ಇರುತ್ತದೆ. ಆದರೆ ಹೀಗೆ ಪ್ರಕಟವಾದವರಲ್ಲಿ ಯಾರು ಸಿಕ್ಕರು ಎಂಬುದು ಓದುಗನಿಗೆ ಎಂದೂ ಗೊತ್ತಾಗುವುದಿಲ್ಲ, ಮತ್ತು ಆ ಪ್ರಕಟಣೆ ನಿಮ್ಮ ಜಾಲತಾಣದ ಹಳೆಯ ಪುಟಗಳಲ್ಲಿ ಫೋಟೊ ಸಮೇತ ಹಾಗೆಯೇ ಇರುತ್ತದೆ. ಅಪ್ರಾಪ್ತರ ಪ್ರಕರಣಗಳಲ್ಲಿ, ಪತ್ತೆಯಾದ ಮಾಹಿತಿ ಠಾಣೆಯಿಂದ ಬಂದ ಕೂಡಲೇ ಜಾಲತಾಣದಲ್ಲಿರುವ ಹೆಸರು ಮತ್ತು ಚಿತ್ರವನ್ನು ತೆಗೆಯುವ ಕ್ರಮವನ್ನು ನೀವು ಆರಂಭಿಸಬೇಕು. ಮುದ್ರಿತ ಪತ್ರಿಕೆಯಲ್ಲಿ ಅದೇ ಅಂಕಣದ ಕೆಳಗೆ, ಮಗುವಿನ ಹೆಸರಿಲ್ಲದೆ, ‘ಇಂತಹ ಠಾಣೆಯ ಇಂತಹ ಸಂಖ್ಯೆಯ ಪ್ರಕರಣದ ಮಗು ಪತ್ತೆಯಾಗಿದೆ’ ಎಂಬ ಒಂದು ಸಾಲಿಗೆ ಜಾಗ ಕೊಡಬೇಕು. ಠಾಣೆಗಳು ಆ ಮಾಹಿತಿ ಕಳುಹಿಸುವುದಿಲ್ಲ ಎಂದಾದರೆ, ಪ್ರಕಟಣೆ ಅಚ್ಚಾಗಿ ಒಂದು ತಿಂಗಳಾದ ಮೇಲೆ ನಿಮ್ಮ ತಾಲ್ಲೂಕು ವರದಿಗಾರರು ಒಂದು ಫೋನ್ ಮಾಡಿ ವಿಚಾರಿಸಬಹುದು.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಹಾವೇರಿ ಜಿಲ್ಲೆ